ಕ್ಯಾರವಾನ್ ಕೊಳ್ಳುವ ಮುನ್ನ ಹಾಸಿಗೆಯ ಲೆಕ್ಕ

ಕಾರಿನ ಹಿಂದೆ ಕೊಂಡಿ ಹಾಕಿ ಎಳೆಯುವ ಕ್ಯಾರವಾನಿನಲ್ಲಿ ಒಲೆ ಚಿಕ್ಕದಾದರೆ ಹೊಂದಿಕೊಂಡು ಹೋಗಬಹುದು. ಫ್ರಿಜ್ ಸಾಲದಿದ್ದರೆ ಎರಡು ದಿನಕ್ಕೊಮ್ಮೆ ಸಾಮಾನು ತರಬಹುದು. ಹಾಸಿಗೆ ಒಗ್ಗದಿದ್ದರೆ ಮಾತ್ರ ಆಮೇಲೆ ಮಾಡುವಂಥದ್ದು ಹೆಚ್ಚಿಲ್ಲ. ಅದು ಗೋಡೆಗೂ ನೆಲಕ್ಕೂ ಬಿಗಿದು ಕೂರಿಸಿದ ಪೆಟ್ಟಿಗೆ. ಬಚ್ಚಲು, ಬೀರು, ಹೀಟರ್ ಎಲ್ಲವನ್ನೂ ಅದರ ಸುತ್ತಲೇ ಕಟ್ಟಿರುತ್ತಾರೆ. ಅದಕ್ಕೇ ಪರದೆಯ ಬಣ್ಣ, ಟಿವಿಯ ಜಾಗ, ಅಡುಗೆಕಟ್ಟೆಯ ಹೊಳಪು ಇವುಗಳಿಗೆ ಮನಸೋಲುವ ಮೊದಲು ಮಲಗುವ ವ್ಯವಸ್ಥೆಯನ್ನು ತೀರ್ಮಾನಿಸಿಕೊಳ್ಳಬೇಕು.

ಇನ್ನೊಂದು ವಿಷಯ ಮೊದಲೇ ಗೊತ್ತಿರಲಿ. ಕಂಪನಿಯವರು 'ನಾಲ್ಕು ಬರ್ತ್', 'ಆರು ಬರ್ತ್' ಎಂದು ಬರೆಯುವುದು ಎಲ್ಲ ಮೇಜು, ಎಲ್ಲ ಸೋಫಾ ಬಿಚ್ಚಿ ಹಾಸಿದಾಗ ಎಷ್ಟು ಜನ ಮಲಗಬಹುದು ಎಂಬ ಲೆಕ್ಕ. ಅಷ್ಟೂ ಜನ ಆರಾಮಾಗಿ ಮಲಗುತ್ತಾರೆ, ಬೆಳಿಗ್ಗೆ ಒಟ್ಟಿಗೆ ಕೂತು ಉಣ್ಣುತ್ತಾರೆ ಎಂಬ ಭರವಸೆ ಅದಲ್ಲ. ದಿನವೂ ಮಲಗುವವರು ಎಷ್ಟು, ವರ್ಷಕ್ಕೊಮ್ಮೆ ಬಂದುಹೋಗುವವರು ಎಷ್ಟು ಎಂದು ಬೇರೆ ಬೇರೆ ಎಣಿಸಿ. ಮೊದಲನೆಯವರಿಗೆ ಒಳ್ಳೆಯ ಹಾಸಿಗೆ ಬೇಕೇ ಬೇಕು. ಎರಡನೆಯವರಿಗೆ ಡೈನಿಂಗ್ ಮೇಜು ಇಳಿಸಿ ಮಾಡಿದ ಹಾಸಿಗೆ ಸಾಕು.

ಎಲ್ಲಕ್ಕೂ ಮೂಲ ಅಗಲ

ಬಹುಪಾಲು ಟೂರಿಂಗ್ ಕ್ಯಾರವಾನುಗಳ ಹೊರಗಿನ ಅಗಲ 2.2ರಿಂದ 2.5 ಮೀಟರ್. ಎರಡೂ ಕಡೆಯ ಗೋಡೆಯ ದಪ್ಪ ಕಳೆದರೆ, 2.3 ಮೀಟರಿನ ವಾಹನದಲ್ಲಿ ಒಳಗೆ ಉಳಿಯುವುದು ಸುಮಾರು 2.2 ಮೀಟರ್, ಒಳ ಹೊದಿಕೆ, ಅಂಚುಪಟ್ಟಿ ಸೇರಿದರೆ ಅದಕ್ಕೂ ಕಡಿಮೆ. ಯಾವ ಜೋಡಣೆಯ ಗುಣದೋಷವನ್ನೇ ನೋಡಿ, ಕೊನೆಗೆ ಅದು ಈ ಅಂಕಿಗೆ ಬಂದು ನಿಲ್ಲುತ್ತದೆ. 1.9 ಮೀಟರ್ ಉದ್ದದ ಹಾಸಿಗೆಯನ್ನು ಅಡ್ಡಲಾಗಿ ಇಟ್ಟರೆ ಕಾಲುದೆಸೆಯಲ್ಲಿ ಉಳಿಯುವುದು 25-30 ಸೆಂ.ಮೀ. ಅಷ್ಟರಲ್ಲಿ ದೊಡ್ಡವರು ಮಗ್ಗುಲಾಗಿ ನುಸುಳಬೇಕೇ ಹೊರತು ನಡೆಯಲಾಗದು. 1.4 ಮೀಟರ್ ಅಗಲದ ಹಾಸಿಗೆಯನ್ನು ಉದ್ದಕ್ಕೆ, ನಡುವೆ ಇಟ್ಟರೆ ಎರಡೂ ಪಕ್ಕ ತಲಾ 40 ಸೆಂ.ಮೀ. ಅದೇ ಹಾಸಿಗೆಯನ್ನು ಒಂದು ಗೋಡೆಗೆ ಒತ್ತರಿಸಿದರೆ ಇನ್ನೊಂದು ಕಡೆ 80 ಸೆಂ.ಮೀ. ಸಿಗುತ್ತದೆ, ಅಲ್ಲಿ ಬಚ್ಚಲನ್ನೇ ಕೂರಿಸಬಹುದು, ಆದರೆ ಗೋಡೆ ಕಡೆ ಮಲಗಿದವರು ಏಳಬೇಕಾದರೆ ಪಕ್ಕದವರನ್ನು ದಾಟಲೇಬೇಕು. ಈ ಮೂರು ಲೆಕ್ಕ ತಲೆಯಲ್ಲಿದ್ದರೆ ಯಾವ ನಕ್ಷೆ ನೋಡಿದರೂ ಅದರ ತೊಂದರೆ ಎಲ್ಲಿದೆ ಎಂದು ತಾನೇ ಕಾಣುತ್ತದೆ.

ಉದ್ದವೂ ಹೀಗೆಯೇ. ಉದ್ದಕ್ಕೆ ಇಟ್ಟ ಹಾಸಿಗೆ ಒಳಗಿನ ಉದ್ದದಲ್ಲಿ 1.9 ಮೀಟರ್ ನುಂಗುತ್ತದೆ. ಒಳಗೆ 4.5 ಮೀಟರ್ ಇದ್ದರೆ ಅಡುಗೆ, ಕೂರುವ ಜಾಗ, ಬಾಗಿಲು ಎಲ್ಲಕ್ಕೂ ಸೇರಿ ಉಳಿದದ್ದು 2.6 ಮೀಟರ್ ಮಾತ್ರ. ಹೀಗಾಗಿ ಸ್ಥಿರ ಹಾಸಿಗೆ, ಅಂದರೆ ಹಗಲೂ ತೆಗೆಯದೆ ಹಾಸಿದಂತೆಯೇ ಇರುವ ಹಾಸಿಗೆ, ಬೇಕೆಂದರೆ ಕೂರುವ ಜಾಗ ಕುಗ್ಗುತ್ತದೆ, ಇಲ್ಲವೇ ವಾಹನ ಉದ್ದವಾಗಿ ತೂಕ ಏರುತ್ತದೆ. ನಿಮ್ಮ ಕಾರು ಎಳೆಯಬಲ್ಲ ಭಾರ ಎಷ್ಟು ಎಂಬುದನ್ನು ಮೊದಲೇ ಬರೆದಿಟ್ಟುಕೊಂಡರೆ ಅರ್ಧ ಆಯ್ಕೆಗಳು ಅಲ್ಲೇ ಉದುರಿಹೋಗುತ್ತವೆ. ನೋಡಲು ಹೋಗಿ ಆಸೆಪಟ್ಟು, ಆಮೇಲೆ ಕಾರು ಎಳೆಯದು ಎಂದು ತಿಳಿಯುವುದಕ್ಕಿಂತ ಇದು ಲೇಸು.

ನಿಮ್ಮ ಅಳತೆ ಮೊದಲು

'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಮಾತು ಖರ್ಚಿಗೆ ಸರಿ. ಇಲ್ಲಿ ಮೊದಲು ಕಾಲು ಅಳೆದು ಆಮೇಲೆ ಹಾಸಿಗೆ ಹುಡುಕಬೇಕು. ಎತ್ತರಕ್ಕೆ 10ರಿಂದ 15 ಸೆಂ.ಮೀ. ಸೇರಿಸಿದರೆ ಬೇಕಾದ ಉದ್ದ ಸಿಗುತ್ತದೆ. 1.75 ಮೀಟರ್ ಎತ್ತರದವರಿಗೆ 1.85 ಮೀಟರಿನಲ್ಲಿ ಕಷ್ಟಪಟ್ಟು ಆಗುತ್ತದೆ, 1.9ರಲ್ಲಿ ನೆಮ್ಮದಿ. 1.83ಕ್ಕಿಂತ ಎತ್ತರ ಇರುವವರು 1.95ಕ್ಕಿಂತ ಕಡಿಮೆಯದ್ದಕ್ಕೆ ಒಪ್ಪಬೇಡಿ, ವಿಶೇಷವಾಗಿ ಕಾಲುದೆಸೆಯಲ್ಲಿ ಗೋಡೆ ಇದ್ದಾಗ. ಕಾಲುದೆಸೆ ತೆರೆದಿದ್ದರೆ ಪಾದ ಹೊರಚಾಚಿಯಾದರೂ ಮಲಗಬಹುದು.

ಅಗಲದಲ್ಲಿ ಒಬ್ಬರಿಗೆ 65-70 ಸೆಂ.ಮೀ. ಕನಿಷ್ಠ ಎಂದಿಟ್ಟುಕೊಳ್ಳಿ. ಕ್ಯಾರವಾನಿನ ಡಬಲ್ ಹಾಸಿಗೆ ಸಾಮಾನ್ಯವಾಗಿ 1.3ರಿಂದ 1.4 ಮೀಟರ್, ಮನೆಯ ಡಬಲ್ ಮಂಚಕ್ಕಿಂತ ಕಿರಿದು. ಮನೆಯಲ್ಲಿ ಅಗಲದ ಮಂಚದ ಮೇಲೆ ಹೊರಳಾಡಿ ಮಲಗುವವರು, ಒಬ್ಬರ ಗೊರಕೆಗೆ ಇನ್ನೊಬ್ಬರು ಎಚ್ಚರಾಗುವವರು ಇದನ್ನು ಗಂಭೀರವಾಗಿ ಯೋಚಿಸಿ.

ಇದಕ್ಕೊಂದು ಸುಲಭದ ಪರೀಕ್ಷೆ ಇದೆ. ಮನೆಯ ನೆಲದ ಮೇಲೆ ಅಂಟುಪಟ್ಟಿಯಿಂದ 2.15 ಮೀಟರ್ ಅಗಲದ ಗೆರೆ ಎಳೆಯಿರಿ. ಅದರೊಳಗೆ ನೀವು ಇಷ್ಟಪಟ್ಟ ನಕ್ಷೆಯ ಹಾಸಿಗೆಯ ಆಯತ, ಬಚ್ಚಲಿನ ಆಯತ ಗುರುತಿಸಿ, ಉಳಿದ ದಾರಿಯಲ್ಲಿ ಇಬ್ಬರೂ ಓಡಾಡಿ. 40 ಸೆಂ.ಮೀ. ದಾರಿ ಎಂದರೆ ಎಷ್ಟು ಎಂಬುದು ಕಾಗದದ ಮೇಲೆ ತಿಳಿಯುವುದಿಲ್ಲ, ಅಲ್ಲಿ ತಿಳಿಯುತ್ತದೆ.

ಫ್ರೆಂಚ್ ಬೆಡ್

ಹಿಂದಿನ ಮೂಲೆಗೆ ಒತ್ತರಿಸಿದ ಸ್ಥಿರ ಡಬಲ್ ಹಾಸಿಗೆಗೆ ಈ ಹೆಸರು. ಪಕ್ಕದಲ್ಲೇ ಬಚ್ಚಲು ಬರುವುದರಿಂದ ವಾಹನ ತೀರಾ ಉದ್ದವಾಗುವುದಿಲ್ಲ; ಚಿಕ್ಕ ವಾಹನದಲ್ಲಿ ಸ್ಥಿರ ಹಾಸಿಗೆ ಬೇಕೆನ್ನುವವರಿಗೆ ಸಿಗುವುದು ಹೆಚ್ಚಾಗಿ ಇದೇ. ಬಚ್ಚಲಿನ ಬಾಗಿಲಿಗೆ ದಾರಿ ಬಿಡಲು ಹಾಸಿಗೆಯ ಕಾಲುದೆಸೆಯ ಒಂದು ಮೂಲೆಯನ್ನು ಓರೆಯಾಗಿ ಕತ್ತರಿಸಿರುತ್ತಾರೆ. ಕೊಳ್ಳುವವರು ಗಮನಿಸದೆ ಬಿಡುವುದು ಈ ಓರೆಯನ್ನೇ. 1.9 ಮೀಟರ್ ಎಂದು ಬರೆದಿರುವುದು ಗೋಡೆ ಕಡೆಯ ಉದ್ದ. ಹೊರಗಡೆ ಮಲಗುವವರಿಗೆ ಸಿಗುವುದು ಎಷ್ಟೋ ಬಾರಿ 1.6-1.7 ಮೀಟರ್ ಮಾತ್ರ. ಎತ್ತರದವರು ಗೋಡೆ ಕಡೆ ಮಲಗಬೇಕಾಗುತ್ತದೆ. ರಾತ್ರಿ ಏಳುವ ಅಭ್ಯಾಸವೂ ಅವರಿಗೇ ಇದ್ದರೆ ಈ ಜೋಡಣೆ ಬೇಡವೇ ಬೇಡ. ಟೇಪು ಹಿಡಿದು ಎರಡೂ ಅಂಚುಗಳನ್ನು ಅಳೆಯಿರಿ.

ಬೆಡ್‌ಶೀಟ್ ಕೂಡ ಈ ಆಕಾರಕ್ಕೇ ಹೊಲಿಸಬೇಕು. ಓರೆ ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದನ್ನು ಕಾಲುದೆಸೆಯಲ್ಲಿ ನಿಂತು ನೋಡುವುದೋ, ಮಲಗಿಕೊಂಡು ನೋಡುವುದೋ ಎಂಬ ಗೊಂದಲದಲ್ಲಿ ತಪ್ಪು ಕೈಯದ್ದನ್ನು ತರಿಸಿಕೊಳ್ಳುವುದು ಸಾಮಾನ್ಯ. ಕಾಗದದಲ್ಲಿ ಅಚ್ಚು ತೆಗೆದು ಕಳಿಸಿದರೆ ತಪ್ಪಾಗದು.

ಐಲ್ಯಾಂಡ್ ಬೆಡ್: ಉದ್ದಕ್ಕೋ ಅಡ್ಡಕ್ಕೋ

ತಲೆದೆಸೆ ಮಾತ್ರ ಗೋಡೆಗೆ ತಾಗಿ ಮೂರು ಕಡೆ ತೆರೆದಿರುವ ಹಾಸಿಗೆ ಇದು. ಇಬ್ಬರೂ ತಮ್ಮ ತಮ್ಮ ಪಕ್ಕದಿಂದ ಇಳಿಯಬಹುದು, ಯಾರೂ ಯಾರನ್ನೂ ಎಬ್ಬಿಸಬೇಕಿಲ್ಲ. ವಯಸ್ಸಾದ ದಂಪತಿಗೆ, ಮಂಡಿನೋವು ಇರುವವರಿಗೆ, ರಾತ್ರಿ ಎರಡು-ಮೂರು ಬಾರಿ ಏಳುವವರಿಗೆ ಇಷ್ಟೊಂದು ಅನುಕೂಲದ ಡಬಲ್ ಹಾಸಿಗೆ ಬೇರೆ ಇಲ್ಲ. ಬೆಡ್‌ಶೀಟ್ ಮಡಚಿ ಸಿಕ್ಕಿಸುವುದೂ ಸಲೀಸು.

ಉದ್ದಕ್ಕೆ ಇಟ್ಟ ಐಲ್ಯಾಂಡಿನಲ್ಲಿ ತಲೆದೆಸೆ ಹಿಂದಿನ ಗೋಡೆಗೆ ಇದ್ದು, ಬಚ್ಚಲು ವಾಹನದ ನಡುವೆ ಬರುತ್ತದೆ. ಕೆಲವು ಮಾದರಿಗಳಲ್ಲಿ ಶವರ್ ಒಂದು ಕಡೆ, ಟಾಯ್ಲೆಟ್ ಇನ್ನೊಂದು ಕಡೆ, ಮಧ್ಯೆ ದಾರಿ. ಬಾಗಿಲು ಎಳೆದರೆ ಮಲಗುವ ಕೋಣೆ ಬೇರೆಯಾಗುತ್ತದೆ, ಇದು ದೊಡ್ಡ ಲಾಭ. ಆದರೆ ಮುಂಭಾಗದ ಲೌಂಜಿನಲ್ಲಿ, ಅಂದರೆ ಸೋಫಾ ಇರುವ ಕೂರುವ ಜಾಗದಲ್ಲಿ, ಅತಿಥಿಗಳು ಮಲಗಿದ್ದರೆ ಅವರು ಟಾಯ್ಲೆಟ್ಟಿಗೆ ಬಂದಾಗ ನಿಮ್ಮ ಕಾಲಬುಡದಲ್ಲೇ ಓಡಾಡುತ್ತಾರೆ.

ಅಡ್ಡ ಐಲ್ಯಾಂಡಿನಲ್ಲಿ ತಲೆದೆಸೆ ಪಕ್ಕದ ಗೋಡೆಗೆ, ಹಿಂಭಾಗದಲ್ಲಿ ಪೂರ್ತಿ ಅಗಲದ ಬಚ್ಚಲು. ಆ ಬಚ್ಚಲು ಎಂಥವರನ್ನೂ ಸೆಳೆಯುವಷ್ಟು ವಿಶಾಲವಾಗಿರುತ್ತದೆ. ಅದರ ಬೆಲೆ ತೆರುವುದು ಕಾಲುದೆಸೆಯ ದಾರಿ. ಮೇಲೆ ಹೇಳಿದ 25-30 ಸೆಂ.ಮೀ. ಸಮಸ್ಯೆಗೆ ತಯಾರಕರು ಕಂಡುಕೊಂಡ ಪರಿಹಾರ ಜಾರುವ ಹಾಸಿಗೆ: ಹಗಲು ಹಾಸಿಗೆಯನ್ನು ಗೋಡೆ ಕಡೆ ತಳ್ಳಿದರೆ ತಲೆಭಾಗ ಮೇಲಕ್ಕೆ ಬಾಗಿ ಒರಗುವ ಕುರ್ಚಿಯಂತಾಗಿ ದಾರಿ ಅಗಲವಾಗುತ್ತದೆ, ರಾತ್ರಿ ಎಳೆದು ಚಾಚಬೇಕು. ಪ್ರದರ್ಶನಕ್ಕಿಟ್ಟ ವಾಹನದಲ್ಲಿ ಹಾಸಿಗೆ ಸಾಮಾನ್ಯವಾಗಿ ಒಳಕ್ಕೆ ತಳ್ಳಿದ ಸ್ಥಿತಿಯಲ್ಲಿರುತ್ತದೆ. ಅದನ್ನು ಪೂರ್ತಿ ಹೊರಗೆಳೆಸಿ, ಆಮೇಲೆ ಬಚ್ಚಲಿಗೆ ನಡೆದು ನೋಡಿ. ಮನೆಯಲ್ಲಿ ರಾತ್ರಿ ಟಾಯ್ಲೆಟ್ಟಿಗೆ ಹೋಗುವ ಎಲ್ಲರೂ, ಮಕ್ಕಳೂ ಸೇರಿ, ಅಷ್ಟೇ ಜಾಗದಲ್ಲಿ ಕತ್ತಲಲ್ಲಿ ಹೋಗಬೇಕು. ಎಳೆಯುವ ಹಿಡಿ ಒಬ್ಬರ ಕೈಗೆ ಬಗ್ಗುತ್ತದೆಯೇ, ಹೊದಿಕೆ ದಿಂಬು ಮೇಲಿರುವಾಗಲೂ ಜಾರುತ್ತದೆಯೇ ಎಂಬುದನ್ನೂ ಪರೀಕ್ಷಿಸಿ. ಜಾರುವ ಹಾಸಿಗೆಯ ಮೆತ್ತೆಯಲ್ಲಿ ಬಗ್ಗುವ ಕಡೆ ಒಂದು ಜೋಡು ಇರುತ್ತದೆ. ಅದು ಬೆನ್ನಿನ ಮೇಲ್ಭಾಗಕ್ಕೆ ಒತ್ತುತ್ತದೆಯೇ ಎಂದು ಮಲಗಿ ನೋಡದೆ ತಿಳಿಯದು.

ಎರಡು ಸಿಂಗಲ್

75 ಸೆಂ.ಮೀ. ಅಗಲದ ಎರಡು ಹಾಸಿಗೆ, ಮಧ್ಯೆ 65 ಸೆಂ.ಮೀ. ದಾರಿ. ಅಗಲದ ಲೆಕ್ಕದಲ್ಲಿ ಇಷ್ಟು ನೇರವಾಗಿ ಕೂಡಿಬರುವ ಜೋಡಣೆ ಇನ್ನೊಂದಿಲ್ಲ. ಒಬ್ಬರ ಹೊರಳಾಟ ಇನ್ನೊಬ್ಬರಿಗೆ ತಟ್ಟುವುದಿಲ್ಲ, ಏಳಲು ಯಾರನ್ನೂ ದಾಟಬೇಕಿಲ್ಲ, ಹಗಲು ಅಲ್ಲೇ ಕೂತು ಓದಬಹುದು. ಗಂಡ-ಹೆಂಡತಿ ಬೇರೆ ಬೇರೆ ಮಲಗುವುದೇ ಎಂದು ಹಲವರು ಇದನ್ನು ನೋಡುವ ಮೊದಲೇ ಬಿಟ್ಟುಬಿಡುತ್ತಾರೆ, ಅದು ಸರಿಯಲ್ಲ. ಅನೇಕ ಮಾದರಿಗಳಲ್ಲಿ ನಡುವೆ ಮರದ ರೀಪುಗಳ ಚೌಕಟ್ಟು ಎಳೆದು, ಮೆತ್ತೆ ತುಂಬಿಸಿದರೆ ಎರಡೂ ಸೇರಿ 2 ಮೀಟರ್ ದಾಟಿದ ಅಗಲದ ಒಂದೇ ಹಾಸಿಗೆಯಾಗುತ್ತದೆ. ಆಗ ಇಳಿಯುವುದು ಕಾಲುದೆಸೆಯಿಂದ. ಒಂದು ಎಚ್ಚರ: ಎರಡೂ ಹಾಸಿಗೆಯ ಉದ್ದ ಒಂದೇ ಇರಬೇಕೆಂದಿಲ್ಲ. ಒಂದರ ಕಾಲುದೆಸೆಯಲ್ಲಿ ಬೀರು ಬಂದು 10 ಸೆಂ.ಮೀ. ಕಡಿಮೆಯಾಗಿರಬಹುದು.

ಲೌಂಜನ್ನೇ ಹಾಸಿಗೆ ಮಾಡುವುದು

ಮುಂಭಾಗದಲ್ಲಿ ಎದುರುಬದುರು ಎರಡು ಉದ್ದ ಸೋಫಾ, ಹಿಂಭಾಗದಲ್ಲಿ ಪೂರ್ತಿ ಅಗಲದ ಬಚ್ಚಲು. ಇಬ್ಬರ ಓಡಾಟಕ್ಕೆ ಇದು ಹಳೆಯ, ಹಗುರ, ಅಗ್ಗದ ಜೋಡಣೆ. ಹಗಲು ಪೂರ್ತಿ ಜಾಗ ನಿಮ್ಮದು. ಸೋಫಾಗಳು 1.85 ಮೀಟರಿಗಿಂತ ಉದ್ದ ಇದ್ದರೆ ಏನನ್ನೂ ಬಿಚ್ಚದೆ ಎರಡು ಸಿಂಗಲ್ ಹಾಸಿಗೆಯಾಗಿ ಬಳಸಬಹುದು. ಹಾಗೆ ಬಳಸುವ ಉದ್ದೇಶ ಇದ್ದರಂತೂ ಈ ಜೋಡಣೆಗೆ ಬೆಲೆಯ ದೃಷ್ಟಿಯಿಂದ ಸಮನಾದದ್ದು ಇಲ್ಲ. 1.75ರ ಸೋಫಾ ಇದ್ದರೆ ಆ ಲಾಭ ಹೋಯಿತು, ದಿನವೂ ಡಬಲ್ ಮಾಡಲೇಬೇಕು.

ಡಬಲ್ ಮಾಡುವ ಕ್ರಮ ಹೀಗೆ. ಮಧ್ಯದ ಡ್ರಾಯರ್ ಪೆಟ್ಟಿಗೆಯ ಕೆಳಗಿಂದ ರೀಪುಗಳ ಚೌಕಟ್ಟನ್ನು ಎಳೆದು ಎರಡೂ ಸೋಫಾಗಳ ಅಂಚಿನ ಮೇಲೆ ಕೂರಿಸಬೇಕು. ಕೂರುವ ಮೆತ್ತೆಗಳನ್ನು ನಡುವಿಗೆ ಸರಿಸಿ, ಒರಗುವ ಮೆತ್ತೆಗಳನ್ನು ಗೋಡೆಯ ಕಡೆ ಉಳಿದ ಸಂದಿಗೆ ತುಂಬಬೇಕು. ತೊಂದರೆ ಶುರುವಾಗುವುದು ಇಲ್ಲೇ. ಕೂರುವ ಮೆತ್ತೆಯ ಮುಂದಂಚು ತೊಡೆಗೆ ಆಸರೆಯಾಗಲೆಂದು ಉಬ್ಬಿಸಿರುತ್ತಾರೆ, ಮಲಗಿದಾಗ ಆ ಉಬ್ಬು ಸೊಂಟಕ್ಕೆ ಬರುತ್ತದೆ. ಮೆತ್ತೆಯನ್ನು ಮಗುಚಿ ಹಾಕಿದರೆ ಸಮನಾಗುತ್ತದೆ, ತಳದ ಬಟ್ಟೆ ಒರಟಾಗಿದ್ದರೂ ಬೆಡ್‌ಶೀಟ್ ಕೆಳಗೆ ಗೊತ್ತಾಗದು. ಕೂರುವ ಮೆತ್ತೆಗೂ ಒರಗುವ ಮೆತ್ತೆಗೂ ದಪ್ಪ ಬೇರೆ ಇದ್ದರೆ ಮಾತ್ರ ಮಗುಚಿದರೂ ಪ್ರಯೋಜನವಿಲ್ಲ, 4-5 ಸೆಂ.ಮೀ. ದಪ್ಪದ ಟಾಪರ್ (ಮೇಲೆ ಹಾಸುವ ತೆಳು ಮೆತ್ತೆ) ಹಾಸಬೇಕು, ಹಗಲು ಅದನ್ನು ಸುತ್ತಿಡಲು ಜಾಗ ಬೇಕು.

ಒಂದು ರಾತ್ರಿಗೆ ಇದು ಹತ್ತು ನಿಮಿಷದ ಕೆಲಸ. ಮೂರು ವಾರದ ಪ್ರವಾಸದಲ್ಲಿ, ಮಳೆಯ ದಿನ, ಒಬ್ಬರಿಗೆ ಬೇಗ ನಿದ್ದೆ ಬಂದು ಇನ್ನೊಬ್ಬರು ಕೂತಿರಬೇಕೆಂದಾಗ ಇದು ಬೇರೆಯೇ ಕೆಲಸ. ವಾರಾಂತ್ಯಕ್ಕೆ ಮಾತ್ರ ಹೋಗುವವರಿಗೆ ಲೌಂಜ್ ಹಾಸಿಗೆ ಧಾರಾಳವಾಗಿ ಸಾಕು. ತಿಂಗಳುಗಟ್ಟಲೆ ಹೋಗುವವರಿಗೆ ಸ್ಥಿರ ಹಾಸಿಗೆಯನ್ನೇ ಹೇಳುತ್ತೇವೆ.

ಬಂಕ್, ಇಳಿಬರುವ ಹಾಸಿಗೆ, ಅಡ್ಡ ಡಬಲ್

ಮಕ್ಕಳಿರುವ ಮನೆಗೆ ಸ್ಥಿರ ಬಂಕ್ ಬಹಳ ದೊಡ್ಡ ಅನುಕೂಲ. ಮಕ್ಕಳು ಎಂಟಕ್ಕೇ ಮಲಗಿ ಪರದೆ ಎಳೆದುಕೊಂಡರೆ ದೊಡ್ಡವರಿಗೆ ಲೌಂಜ್ ಉಳಿಯುತ್ತದೆ. ಪ್ರತಿ ಬಂಕಿಗೂ ಹೊರಬಹುದಾದ ಗರಿಷ್ಠ ತೂಕವನ್ನು ತಯಾರಕರು ನಿಗದಿ ಮಾಡಿರುತ್ತಾರೆ, ಫಲಕದಲ್ಲಿ ಇಲ್ಲವೇ ಕೈಪಿಡಿಯಲ್ಲಿ ಇರುತ್ತದೆ, ಓದಿ. ಉದ್ದ 1.75 ಮೀಟರ್ ಇದ್ದರೆ ಹತ್ತು ವರ್ಷದ ಮಗುವಿಗೆ ಸಾಕು, ಹದಿನೈದಕ್ಕೆ ಸಾಲದು. ಆರು ವರ್ಷದೊಳಗಿನವರನ್ನು ಮೇಲೆ ಮಲಗಿಸಬೇಡಿ. ತಡೆಪಟ್ಟಿ ಹಾಸಿಗೆಯ ಮೇಲ್ಮೈಗಿಂತ ಎಷ್ಟು ಎತ್ತರ ಇದೆ ಎಂಬುದನ್ನು ಮೆತ್ತೆ ಇಟ್ಟೇ ನೋಡಿ, ದಪ್ಪ ಮೆತ್ತೆ ಹಾಕಿದರೆ ತಡೆಪಟ್ಟಿ ಗಿಡ್ಡವಾಗುತ್ತದೆ. ಪ್ರತಿ ಬಂಕಿಗೂ ಸ್ವಂತ ಕಿಟಕಿ ಮತ್ತು ದೀಪ ಇರಲಿ. ಕಿಟಕಿಯಿಲ್ಲದ ಮೇಲಿನ ಬಂಕಿನಲ್ಲಿ ಬೇಸಿಗೆ ರಾತ್ರಿ ಬಿಸಿಗಾಳಿಯೆಲ್ಲ ಅಲ್ಲೇ ನಿಲ್ಲುತ್ತದೆ.

ಲೌಂಜಿನ ಮೇಲೆ ಚಾವಣಿಗೆ ಅಂಟಿಕೊಂಡಿದ್ದು ರಾತ್ರಿ ಇಳಿಬರುವ ಹಾಸಿಗೆ ಹಗಲಿನ ಜಾಗವನ್ನೂ ನಿಜವಾದ ಮೆತ್ತೆಯನ್ನೂ ಒಟ್ಟಿಗೆ ಕೊಡುತ್ತದೆ. ಆದರೆ ಭಾರ ಮೇಲಿರುತ್ತದೆ, ಏಣಿ ಹತ್ತಬೇಕು, ವಿದ್ಯುತ್ ಮೋಟಾರಿನದ್ದಾದರೆ ಬ್ಯಾಟರಿ ಸತ್ತಾಗ ಕೈಯಿಂದ ಇಳಿಸುವ ವಿಧಾನ ಏನೆಂದು ಕೇಳಿಕೊಳ್ಳಬೇಕು. ಮೂರು ಕಡೆ ಗೋಡೆಗೆ ತಾಗಿದ ಅಡ್ಡ ಡಬಲ್ ಉದ್ದದಲ್ಲಿ ಬರೀ 1.4-1.5 ಮೀಟರ್ ಜಾಗ ತಿನ್ನುತ್ತದೆ, ಹಾಸಿಗೆ ಮಾತ್ರ 2 ಮೀಟರಿನಷ್ಟು ಉದ್ದ ಸಿಗುತ್ತದೆ. ಎತ್ತರದವರಿಗೆ ಒಳ್ಳೆಯದು, ಒಳಗಡೆ ಮಲಗಿದವರಿಗೆ ಫ್ರೆಂಚ್ ಬೆಡ್ಡಿನದೇ ಪಾಡು.

ಹಾಸಿಗೆಯ ಕೆಳಗಿನ ಜಾಗ ಮತ್ತು ಭಾರ

ಸ್ಥಿರ ಹಾಸಿಗೆಯ ಹಲಗೆ ಎತ್ತಿದರೆ ಕೆಳಗೆ ದೊಡ್ಡ ಪೆಟ್ಟಿಗೆ. ಮಾರುವವರು ಇದನ್ನು ಹೆಮ್ಮೆಯಿಂದ ತೋರಿಸುತ್ತಾರೆ. ಒಳಗೆ ಹೀಟರ್, ಬಾಯ್ಲರ್, ನೀರಿನ ಪೈಪು ಎಷ್ಟು ಜಾಗ ಹಿಡಿದಿವೆ ನೋಡಿ. ನೆಲದಲ್ಲಿ ಸಣ್ಣ ತೂತುಗಳಿದ್ದರೆ ಅವನ್ನು ಎಂದೂ ಮುಚ್ಚಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗಿಳಿದು ಹೊರಹೋಗಲೆಂದೇ ಅವು ಇರುವುದು.

ಜಾಗ ಇದೆಯೆಂದು ತುಂಬುವ ಹಾಗಿಲ್ಲ. ವಾಹನದ ಗರಿಷ್ಠ ಅನುಮತಿಯ ತೂಕದಿಂದ ಓಡಲು ಸಿದ್ಧ ಸ್ಥಿತಿಯ ತೂಕ ಕಳೆದರೆ ಉಳಿಯುವುದು ಪೇಲೋಡ್, ಅಂದರೆ ನೀವು ತುಂಬಬಹುದಾದ ಸಾಮಾನಿನ ತೂಕ; ಅದು 150 ಕೆ.ಜಿ. ಆಸುಪಾಸು ಇರುವ ಮಾದರಿಗಳು ಬೇಕಾದಷ್ಟಿವೆ. 100 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿ 20-25 ಕೆ.ಜಿ., ಬಟ್ಟೆಯ ಮುಂಗೂಡಾರ ಸುಮಾರು 20 ಕೆ.ಜಿ., ಕೈಗುಂಡಿಯಿಂದ ವಾಹನ ಸರಿಸುವ ಮೂವರ್ 30 ಕೆ.ಜಿ. ಹೊದಿಕೆ, ಬಟ್ಟೆ, ಪಾತ್ರೆ ಸೇರುವ ಮೊದಲೇ ಅರ್ಧ ಮುಗಿಯಿತು. ಇನ್ನು ಹಿಂದಿನ ಹಾಸಿಗೆಯ ಕೆಳಗೋ ಬಂಕಿನ ಮೇಲೋ ಭಾರದ್ದನ್ನು ತುಂಬಿದರೆ ಆಕ್ಸಲ್ಲಿನ (ಚಕ್ರಗಳ ಅಚ್ಚಿನ) ಹಿಂದೆ ತೂಕ ಕೂತು ಕೊಂಡಿಯ ಮೇಲಿನ ಭಾರ ಕಡಿಮೆಯಾಗುತ್ತದೆ. ವೇಗದಲ್ಲಿ ಕ್ಯಾರವಾನ್ ಹಾವಿನಂತೆ ಬಾಲ ಬೀಸಲು ಮುಖ್ಯ ಕಾರಣಗಳಲ್ಲಿ ಇದೊಂದು. ಕೊಂಡಿಯ ಮೇಲಿನ ಭಾರ ಒಟ್ಟು ತೂಕದ ಶೇ. 5ರಿಂದ 7 ಇರಬೇಕು: 1,400 ಕೆ.ಜಿ.ಗೆ 70ರಿಂದ 98 ಕೆ.ಜಿ. ಕಾರಿನ ಮಿತಿ, ಕೊಂಡಿಯ ಮಿತಿ ಎರಡರಲ್ಲಿ ಕಡಿಮೆಯದ್ದನ್ನು ಮೀರಕೂಡದು. ಭಾರದ್ದೆಲ್ಲ ಆಕ್ಸಲ್ಲಿನ ಮೇಲೆ, ನೆಲಕ್ಕೆ ಹತ್ತಿರ. ಹಾಸಿಗೆಯ ಕೆಳಗೆ ಹೊದಿಕೆ, ಮಡಚುವ ಕುರ್ಚಿಯಂಥ ಹಗುರದವು.

ಹಲಗೆ ಎತ್ತಿ ಹಿಡಿಯುವ ಗ್ಯಾಸ್ ಸ್ಟ್ರಟ್‌ಗಳ ಬಗ್ಗೆ ಒಂದು ಮಾತು. ಅವನ್ನು ಮೂಲ ಮೆತ್ತೆಯ ತೂಕಕ್ಕೆ ಹೊಂದಿಸಿರುತ್ತಾರೆ. ಆಮೇಲೆ ನೀವು ಭಾರದ ಮೆತ್ತೆ ಅಥವಾ ಟಾಪರ್ ಹಾಕಿದರೆ ಹಲಗೆ ನಿಲ್ಲದೆ ತಲೆಯ ಮೇಲೆ ಬೀಳಬಹುದು. ಸ್ಟ್ರಟ್ಟಿನ ಮೈಮೇಲೆ ನ್ಯೂಟನ್‌ನಲ್ಲಿ ಅಂಕಿ ಬರೆದಿರುತ್ತದೆ. ಅದೇ ಉದ್ದದ, ಹೆಚ್ಚು ಬಲದ ಜೋಡಿಯನ್ನು ಒಟ್ಟಿಗೇ ಬದಲಿಸಬೇಕು, ಒಂದನ್ನು ಮಾತ್ರ ಬದಲಿಸಿದರೆ ಹಲಗೆ ತಿರುಚುತ್ತದೆ.

ತೇವ

ಮಲಗಿದ ಇಬ್ಬರ ಉಸಿರು, ಬೆವರಿನಿಂದ ಒಂದು ರಾತ್ರಿಗೆ ಅರ್ಧ ಲೀಟರಿನಷ್ಟು ನೀರು ಗಾಳಿ ಸೇರುತ್ತದೆ. ಹೊರಗೆ ಚಳಿ ಇದ್ದಾಗ ಅದು ತಣ್ಣನೆಯ ಗೋಡೆಯ ಮೇಲೆ, ಮೆತ್ತೆಯ ತಳದಲ್ಲಿ ಹನಿಗಟ್ಟುತ್ತದೆ. ಗೋಡೆಗೆ ಒತ್ತಿಕೊಂಡ ಹಾಸಿಗೆಗಳಲ್ಲಿ, ಹಲಗೆಯ ಮೇಲೆ ನೇರವಾಗಿ ಇಟ್ಟ ಮೆತ್ತೆಗಳಲ್ಲಿ ಬೂಷ್ಟು ಹಿಡಿಯುವುದು ಹೀಗೆ. ರೀಪುಗಳ ತಳ ಇರುವುದನ್ನೇ ಆರಿಸಿ. ಹಲಗೆಯದ್ದೇ ಆದರೆ ಗಾಳಿಯಾಡುವ ಜಾಲರಿ ಚಾಪೆ ಮೆತ್ತೆಯಡಿ ಹಾಕಿ. ಬೆಳಿಗ್ಗೆ ಹಾಸಿಗೆಯನ್ನು ತಕ್ಷಣ ಮುಚ್ಚಿ ಒಪ್ಪ ಮಾಡದೆ, ಒಂದು ಗಂಟೆ ಹೊದಿಕೆ ಸರಿಸಿ ಮೆತ್ತೆ ಎತ್ತಿಡಿ.

ನೋಡಲು ಹೋದಾಗ

ಟೇಪು, ಟಾರ್ಚು, ಒಂದು ದಿಂಬು ಜೊತೆಗಿರಲಿ. ವಾಹನ ಸಮತಟ್ಟಾಗಿ ನಿಂತಿದೆಯೇ ಮೊದಲು ಖಚಿತಪಡಿಸಿಕೊಳ್ಳಿ, ಇಲ್ಲದಿದ್ದರೆ ಒಳ್ಳೆಯ ಹಾಸಿಗೆಯೂ ಕೆಟ್ಟದ್ದೆನಿಸುತ್ತದೆ. ಚಪ್ಪಲಿ ಬಿಟ್ಟು ಇಬ್ಬರೂ ಒಟ್ಟಿಗೆ, ನೀವು ನಿಜವಾಗಿ ಮಲಗುವ ಕಡೆಯಲ್ಲೇ, ಹದಿನೈದು ನಿಮಿಷ ಮಲಗಿ. ಮಾರುವವರ ಮುಂದೆ ಸಂಕೋಚ ಬೇಡ, ಅವರಿಗೆ ಇದು ಹೊಸದಲ್ಲ. ಎದ್ದು ಕೂತಾಗ ಮೇಲಿನ ಬೀರುವಿಗೆ ತಲೆ ಬಡಿಯುತ್ತದೆಯೇ? ಮುಂಗೋಡೆ ಒಳಕ್ಕೆ ಓರೆಯಾಗಿರುವ ಕಡೆ ಇದನ್ನು ಮರೆಯಬೇಡಿ. ಪರದೆಗಳನ್ನೆಲ್ಲ ಎಳೆದು ಕತ್ತಲು ಮಾಡಿ, ಗೋಡೆ ಕಡೆಯವರು ಎದ್ದು ಟಾಯ್ಲೆಟ್ಟಿಗೆ ಹೋಗಿ ಬರಲಿ. ಲೌಂಜ್ ಹಾಸಿಗೆಯಾದರೆ ಮಾರುವವರ ಸಹಾಯವಿಲ್ಲದೆ ನೀವೇ ಹಾಸಿ, ನೀವೇ ತೆಗೆಯಿರಿ. ಹಾಸಿಗೆಗಳೆಲ್ಲ ಬಿಚ್ಚಿರುವಾಗ ಫ್ರಿಜ್ಜಿನ ಬಾಗಿಲು, ಬಟ್ಟೆ ಬೀರು, ಹೊರಬಾಗಿಲು ತೆರೆಯುತ್ತವೆಯೇ ನೋಡಿ; ಬೆಂಕಿ ಹೊತ್ತಿದರೆ ಮಕ್ಕಳು ಹೊರಬರುವ ದಾರಿಯೂ ಅದೇ.

ಬಳಸಿದ ವಾಹನವಾದರೆ ಎಲ್ಲ ಮೆತ್ತೆಗಳನ್ನೂ ಎತ್ತಿಸಿ. ಮುಗ್ಗಲು ವಾಸನೆ, ಮೂಲೆಯಲ್ಲಿ ಕಂದು ಕಲೆ, ಒತ್ತಿದರೆ ಮೆತ್ತಗೆನಿಸುವ ಗೋಡೆ ಇದ್ದರೆ ನೀರು ಒಳಬಂದಿದೆ. ಹಾಸಿಗೆಯ ಪೆಟ್ಟಿಗೆಯೊಳಗಿನ ಮೂಲೆಗಳಲ್ಲೇ ಇದು ಮೊದಲು ಕಾಣುವುದು, ಯಾಕೆಂದರೆ ಅಲ್ಲಿ ಯಾರೂ ಒರೆಸಿ ಬಣ್ಣ ಹಚ್ಚಿರುವುದಿಲ್ಲ. ತೇವಮಾಪಕ ಇಟ್ಟು ನೋಡಿದಾಗ ಶೇ. 15ರೊಳಗಿದ್ದರೆ ಚಿಂತೆಯಿಲ್ಲ, 20 ದಾಟಿದ್ದರೆ ರಿಪೇರಿಯ ಅಂದಾಜು ತರಿಸದೆ ಮುಂದುವರಿಯಬೇಡಿ. ರೀಪುಗಳನ್ನು ಒಂದೊಂದಾಗಿ ಒತ್ತಿ. ಮುರಿದಿರುವುದು ಸಾಮಾನ್ಯವಾಗಿ ರೀಪಲ್ಲ, ಅದರ ತುದಿ ಹಿಡಿದ ಪ್ಲಾಸ್ಟಿಕ್ ಟೋಪಿ. ಅದು ಚಿಲ್ಲರೆ ಕೆಲಸ, ನೀವೇ ಬದಲಿಸಬಹುದು. ರೀಪು ಕೂರುವ ಚೌಕಟ್ಟೇ ಬಾಗಿದ್ದರೆ ಮಾತ್ರ ಬೆಲೆ ಇಳಿಸಲು ಕೇಳಿ.